ಸರ್ಕಾರದ ಹೂವು

ಬೆಂಗಳೂರು, ೯ ಫೆಬ್ರುವರಿ ೧೯೩೮, ಬುಧವಾರ ರಾತ್ರಿ.

ನನ್ನ ಹೆಂಡತಿ ಗುತ್ತೆವ್ವ ತೀರಿಕೊಂಡ ಮೇಲೆ ಅವಳ ಕುಂಕುಮದ ಡಬ್ಬಿಯ ಮೇಲೆ ಹೂವಿಲ್ಲದ ದಿನ ಇದೇ ಮೊದಲು. ಡಬ್ಬಿಯನ್ನು ಜೊತೆಗೇ ತಂದಿದ್ದೇನೆ. ಬರುವಾಗ ರೈಲ್ವೆ ಸ್ಟೇಶನ್ನಿನ ಬೇಲಿಯಲ್ಲೂ ಒಂದು ಸಿಕ್ಕಿತ್ತು. ಇಲ್ಲಿ ಲಾಲ್‌ಬಾಗೆಂಬ ಊರಗಲದ ತೋಟವನ್ನು ದಿನವಿಡೀ ಸುತ್ತಿ ಬರಿಗೈಯಲ್ಲಿ ಬಂದೆ. ಬೋಟನಿಕಲ್ ಗಾರ್ಡನ್ನಂತೆ! ಗಿಡಗಳ ಕೊರಳಿಗೆ ಕೈದಿಗಳ ಹಾಗೆ ತಗಡಿನ ಬಿಲ್ಲೆ. ಬರೆದದ್ದು ಲ್ಯಾಟಿನ್ ಇರಬೇಕು. ಕಾಲೇಜಿನಲ್ಲಿ ನನಗೆ ಇಂಗ್ಲಿಷೇ ಅರ್ಧ ಹತ್ತಿತು. ಒಂದು ಮರದ ದಪ್ಪಕ್ಕೆ ಜನ ಬಾಯಿ ತೆರೆದು ನಿಂತಿದ್ದರು. ನಮ್ಮ ಸವಣೂರಿನ ದೊಡ್ಡಹುಣಸೆಯ ಮುಂದೆ ಅದು ಊರುಗೋಲು.

ಊರಿನ ರೂಢಿಯಂತೆ ಒಂದು ಗುಲಾಬಿಗೆ ಕೈ ಹಾಕಿದೆ. ಮಾಲಿ ಓಡಿ ಬಂದ.

“ಏ ಯಜಮಾನ್ರೇ, ಕೈ ತೆಗೀರಿ! ಇದು ಬರೀ ನೋಡೋಕೆ.”

“ದೇವರಿಗೆ ಬ್ಯಾಡ, ಹೆಣ್ಮಕ್ಕಳ ತುರುಬಿಗೆ ಬ್ಯಾಡ, ಮತ್ತ ಯಾರ ಸಲುವಾಗಿ ಅರಳಾಕತ್ತಾವೋ ತಮ್ಮಾ?”

“ಸರ್ಕಾರಕ್ಕೆ!”

ಸರ್ಕಾರಕ್ಕೆ ತುರುಬಿದೆಯೇ? ಸಿಲ್ಲಿ ಫೆಲೋ.

ಗೇಟಿನ ಹೊರಗೆ ಮಲ್ಲಿಗೆ ಮಾರುತ್ತಿದ್ದರು. ಕೊಳ್ಳಲಿಲ್ಲ. “ಪ್ಯಾಟಿ ಹೂವು ಒಲ್ಲೆರಿ, ನಿಮ್ಮ ಕೈಲೆ ಹರಕೊಂಡು ಬರ್ರಿ” ಎನ್ನುತ್ತಿದ್ದಳು ಅವಳು. ಊರಲ್ಲಿ ಪಕ್ಕದ ಮನೆಯ ಇಸಾಕನಿಗೂ ಅದು ಗೊತ್ತು. ದಿನಾ ಬೆಳಿಗ್ಗೆ ತನ್ನ ಬೇಲಿಯಿಂದಲೇ ಕೂಗುತ್ತಾನೆ, “ಅಕ್ಕಗ ಇವತ್ತ ದಾಸಾಳ ಒಯ್ರಿ.”

ಆ ದಾಸವಾಳ ಇವತ್ತು ಗಿಡದಲ್ಲೇ ಮುದುಡಿರಬೇಕು. ಇನ್ನೂ ಅರಮನೆ ನೋಡುವುದಿತ್ತು. ಅದೂ ಸರ್ಕಾರದ್ದೇ, ಬೇಡ. ನಾಳೆ ಗಾಡಿ ಹತ್ತುತ್ತೇನೆ. ಡಬ್ಬಿಯನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಿದ್ದೇನೆ, ಅದರ ಮುಖ ನೋಡಲು ನಾಚಿಕೆ.