ಕುದುರೆ ಜಾರಲಿಲ್ಲ

ದೋಸ್ತ ಖಾದರ್,

ಹೇಗಿದ್ದೀಯ ಎಂದು ಕೇಳುವ ಮುಖ ನನಗಿಲ್ಲ. ನೀನು ಹೋಗಿ ಎರಡು ಬೇಸಿಗೆ ಕಳೆದವು. ಹೊಳಲೂರಿನಲ್ಲಿ ಊರ ಬೇಟೆ ಅಂದೇ ನಿಂತಿತು, ಈಗ ಹಂದಿಗಳು ಹಾಡುಹಗಲೇ ಗದ್ದೆಗೆ ಇಳಿಯುತ್ತವೆ. ನಿನಗೊಂದು ಸುದ್ದಿ ಹೇಳುವುದಿದೆ, ಅದಕ್ಕೇ ಈ ಕಾಗದ.

ಗಾಡಿ ಮಗುಚಿ ನನ್ನ ಬಲಭುಜ ಮುರಿದ ವರ್ಷ ನೆನಪಿದೆಯೇ? ಊರ ಬೇಟೆಗೆ ಕೋವಿ ಕೂಡದು, ಕೈಬಿಲ್ಲು ಮಾತ್ರ ಎಂಬುದು ಹಿರಿಯರ ಕಟ್ಟಳೆ. ಬಿಲ್ಲು ಎಳೆಯಲಾಗದ ಕೈ ಯಾತಕ್ಕೆ ಬಂತು ಎಂದು ನಿನ್ನೆದುರು ದಿನಾ ಗೊಣಗುತ್ತಿದ್ದೆ. ನೀನು ಮೆಕ್ಯಾನಿಕ್ಕು, ಸುಮ್ಮನಿರುತ್ತೀಯಾ? ಭದ್ರಾವತಿಯ ಗುಜರಿಯಿಂದ ಜೀಪಿನ ಕಮಾನು ಪಟ್ಟಿ ತಂದೆ. "ಕಮಾನ್ ಅಂದ್ರೆ ನಮ್ ಮಾತಲ್ಲಿ ಬಿಲ್ಲೇ ಕಣೋ ಮಾರಾಯ" ಎಂದು ನಕ್ಕು, ಅದನ್ನು ತೆಳ್ಳಗೆ ತಿಕ್ಕಿ ಮರದ ದಿಂಡಿಗೆ ಅಡ್ಡ ಕೂರಿಸಿದೆ. ಬೆರಳಲ್ಲಿ ಎಳೆಯಲು ಕೋವಿಗಿರುವಂಥದೇ ಕುದುರೆ ಇಟ್ಟೆ.

ಕಟ್ಟೆಯ ಮೇಲೆ ಎಷ್ಟು ಜಗಳವಾಯಿತು. ಹಿರಿಯರಾದ ಪಟೇಲರು ಒಪ್ಪಲೇ ಇಲ್ಲ. "ಕುದುರೆ ಇದ್ಮೇಲೆ ಅದು ಕೋವೀನೇ."

"ಮದ್ದಿಲ್ಲ, ಸದ್ದಿಲ್ಲ, ಅದ್ಹೆಂಗೆ ಕೋವಿ ಆಗುತ್ತೆ ಗೌಡ್ರೆ?" ಎಂದೆ ನೀನು. ಎಲ್ಲರೂ ನಕ್ಕರು.

"ಸದ್ದಿಲ್ಲ ಅನ್ನೋದೇ ನನ್ ಹೆದರಿಕೆ. ಕೈಬಿಲ್ಲಾದ್ರೆ ಎಳೆಯೋನ ಮೊಣಕೈ ಮೇಲೇಳುತ್ತೆ, ಎದುರಿಗಿದ್ದೋನು ನೋಡಿ ಕೂತ್ಕೋತಾನೆ. ಇದರಲ್ಲಿ ಏನು ನೋಡ್ಬೇಕು?"

ಆದರೂ ಕಟ್ಟೆಯಲ್ಲಿದ್ದ ಉಳಿದವರೆಲ್ಲ ನಿನ್ನ ಬಿಲ್ಲಿಗೆ ಹೂಂ ಎಂದರು. ಗೆದ್ದೆವು ಎಂದುಕೊಂಡೆವು, ಪೆದ್ದರು.

ಬೇಟೆಯ ದಿನ ನನ್ನ ಭುಜಕ್ಕೆ ಆಗದೆಂದು ನೀನೇ ಹೆದೆ ಎಳೆದು ಕುದುರೆಗೆ ಸಿಕ್ಕಿಸಿ, ಬಾಣ ಇಟ್ಟು ಕೊಟ್ಟೆ. "ಹಂದಿ ನಂಗೆ ಬೇಡ, ಓಡಿಸೋ ಮಜಾ ಸಾಕು" ಎಂದು ಪೊದೆ ಬಡಿಯುವವರ ಜೊತೆ ಹೋದೆ. ನಾನು ಬಿಲ್ಲನ್ನು ಬಂಡೆಯ ಮೇಲಿಟ್ಟು ಕೂತಿದ್ದೆ. ಎದುರಿನ ಲಂಟಾನ ಪೊದೆ ಅಲುಗಾಡಿತು. ಅದರ ಹಿಂದೆ ನೀನು ಎದ್ದು ನಿಂತು ಮೊದಲು ನನ್ನ ಮೊಣಕೈ ನೋಡಿದೆ, ಅಲ್ಲವೇ? ಚಿಕ್ಕಂದಿನಿಂದ ಬಂದ ಅಭ್ಯಾಸ. ಅದು ಕೆಳಗೇ ಇತ್ತು. ನೀನು ಕೂರಲಿಲ್ಲ, ಅಷ್ಟರಲ್ಲಿ ನನ್ನ ಬೆರಳು... ಬಾಣ ನಿನ್ನ ಎದೆಗೇ ನಾಟಿತು.

ಪೊಲೀಸರು ಬಂದಾಗ "ಕುದುರೆ ತಾನಾಗೇ ಜಾರ್ತು ಸ್ವಾಮಿ" ಎಂದೆ. ಹೆದರಿದ್ದೆ ಖಾದರ್, ಬೇರೆ ನೆಪವಿಲ್ಲ. ಊರು ನಂಬಿತು. ಪೇಟೆಯ ಗಾಂಧಿ ಬಜಾರಿನವರೆಗೂ ಒಂದೇ ಮಾತು: ಹುಡುಗನ ಕೆಲಸದಲ್ಲಿ ಐಬಿತ್ತು, ಅವನನ್ನೇ ತಿಂತು. ನಿಮ್ಮ ಶೆಡ್ಡಿಗೆ ಲಾರಿಯವರು ಬರುವುದು ಕಡಿಮೆಯಾಯಿತು. ನಿನ್ನ ಅಬ್ಬ ಆ ಬಿಲ್ಲನ್ನು ಠಾಣೆಯಿಂದ ಬೇಡಿ ತಂದು, ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ, ಎರಡು ವರ್ಷ ಆ ಐಬನ್ನು ಹುಡುಕಿದರು. ಇಲ್ಲದ್ದು ಎಲ್ಲಿ ಸಿಗಬೇಕು?

ಇವತ್ತು ಬೆಳಿಗ್ಗೆ ಹೊಸಮನೆ ಬಡಾವಣೆಯ ನಿಮ್ಮ ಶೆಡ್ಡಿಗೆ ಹೋಗಿ ನಿನ್ನ ಅಬ್ಬನಿಗೆ ಹೇಳಿಬಿಟ್ಟೆ. "ಚಾಚಾ, ಕುದುರೆ ಜಾರ್ಲಿಲ್ಲ. ಹಂದಿ ಅಂದ್ಕೊಂಡು ನಾನೇ ಎಳ್ದೆ."

ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವರು ಕೈಯಲ್ಲಿದ್ದ ಕಬ್ಬಿಣ ತಿಕ್ಕುವ ಅರವನ್ನು ಕೆಳಗಿಟ್ಟು, ಬಿಚ್ಚಿಟ್ಟಿದ್ದ ಕುದುರೆಯನ್ನು ಬಟ್ಟೆಯಲ್ಲಿ ಒರೆಸಿದರು.

"ಹಂಗಾದ್ರೆ ನನ್ ಮಗನ ಕೆಲಸ ಸರಿ ಇತ್ತು."

"ಸರಿ ಇತ್ತು ಚಾಚಾ."

"ಇದನ್ನೇ ಠಾಣೇಲಿ ಹೇಳು. ಆಮೇಲೆ ಬಜಾರಲ್ಲಿ ನಿಂತು ಹೇಳು. ಅದಾದ್ಮೇಲೆ ನನ್ ಕಣ್ಮುಂದೆ ಬರ್ಬೇಡ."

ನಾಳೆ ಠಾಣೆಗೆ ಹೋಗುತ್ತೇನೆ.