ಪಾಟೀಲರ ಧ್ವನಿಗೆ ಅಪ್ಪನ ಉತ್ತರ

ಅವ್ವ,
ಗಾದೆಯೇ ತಿರುಗುಮುರುಗಾಯಿತು: ಇಲಿಗೆ ಚೆಲ್ಲಾಟ, ಬೆಕ್ಕಿಗೆ ಪ್ರಾಣಸಂಕಟ! ಕೂತುಕೊಂಡು ಓದು, ನಿಜವಾಗಿ ನಡೆದದ್ದು.

ಬೆಳಿಗ್ಗೆ ತಮಾಷೆಗೆ ಅಪ್ಪನಿಗೆ ಫೋನ್ ಮಾಡಿ, ಅವರ ಮ್ಯಾನೇಜರ್ ಪಾಟೀಲರ ಧ್ವನಿಯಲ್ಲಿ ಗದರಿಸಿದೆ: ‘ಮುರಿಗೆಪ್ಪಾ, ಮಣಲಿಗೆ ಕೆಲಸಕ್ಕ ಯಾಕ ಇನ್ನೂ ಬಂದಿಲ್ಲ?’

‘ಸಾಹೇಬ್ರ, ನೌಕರಿ ಬಿಟ್ಟು ತಿಂಗಳಾತಲ್ರೀ! ರಾಜೀನಾಮೆಗೆ ಸಹಿ ಹಾಕಿದವ್ರು ನೀವ ಅಲ್ಲೇನ್ರೀ? ಈಗ ಅಡ್ಯಾರ್‌ನ ಹೊಲಿಗೆ ಕ್ಲಾಸಿನಾಗ ಬ್ಲೌಸ್ ಹೊಲಿಯೋದು ಕಲಿಯಾಕತ್ತೀನಿ.’

ಐವತ್ತನಾಲ್ಕನೇ ವಯಸ್ಸಿನಲ್ಲಿ! ಪಾಟೀಲರ ಧ್ವನಿಯೂ ಹೋಯಿತು, ನನ್ನದೂ ಹೋಯಿತು.

ನಿನ್ನ ಹಸಿರು ಬ್ಲೌಸ್ ಹುಡುಕಬೇಡ, ಅಳತೆಗೆಂದು ಅವರೇ ಒಯ್ದಿದ್ದಾರೆ. ನೌಕರಿ ಬಿಟ್ಟದ್ದನ್ನು ನಿನಗೆ ಹೇಳಲು ಹೆದರಿಕೆಯಂತೆ. ಸಂಜೆ ಬಂದ ಕೂಡಲೇ ಬಯ್ಯಬೇಡ, ಮೊದಲು ಚಹಾ ಕೊಡು. ಯಾಕೆಂದರೆ, ‘ಅಪ್ಪಾ, ನಾನು ಪಾವನಾ’ ಎಂದು ಕೊನೆಗೆ ತೊದಲಿದಾಗ ಅವರು ಬಹಳ ದಿನಗಳ ಮೇಲೆ ಮನಸಾರೆ ನಕ್ಕ ಅಬ್ಬರಕ್ಕೆ ಅಲ್ಲಿನ ಹೊಲಿಗೆ ಯಂತ್ರಗಳೆಲ್ಲ ನಿಂತವು.