ಒಟ್ಟಿಗೇ ಅಂದ "ಆಯ್ತು ಸಾ"

ಗುಂಡ್ಲುಪೇಟೆ, ೧೯೯೬, ಆಷಾಢ

ನನ್ನ ನೀಲಾ,

ಸಾಕಾಗಿಹೋಗಿದೆ ಕಣೇ. ಗುಡ್ಡದ ವೈರ್‌ಲೆಸ್ ಸ್ಟೇಷನ್ನಿನಿಂದ ಇಳಿದು ಬಂದವನಿಗೆ ಮುದ್ದೆ ತಿರುವಲೂ ತ್ರಾಣವಿಲ್ಲ. ಕಡ್ಲೆಪುರಿ ಮೆಲ್ಲುತ್ತ ಬರೆಯುತ್ತಿದ್ದೇನೆ.

ನಮ್ಮ ಟ್ರಾನ್ಸ್‌ಮಿಟರ್ ಗೊತ್ತಲ್ಲ, ಫಾರೆಸ್ಟಿನವರದು, ತೆರಕಣಾಂಬಿಯದು, ಚಂದಕವಾಡಿಯದು, ಕಾಡಂಚಿನ ನಿನ್ನ ಹೆರಿಗೆ ಕೇಂದ್ರದ್ದು, ಎಲ್ಲ ಚಾನೆಲ್ಲನ್ನೂ ಅದೊಂದೇ ಹೊರಬೇಕು. ಎಲ್ಲರೂ ಒಮ್ಮೆಗೇ ಬಾಯಿ ತೆರೆದರೆ ಅಲೆಗಳ ತುದಿಗಳು ಒಂದರ ಮೇಲೊಂದು ಏರಿ, ಕ್ಷಣಮಾತ್ರ ಶಕ್ತಿಗೆ ಮೀರಿದ ಕರೆಂಟು ಕೇಳಿ, ಆಫ್ ಆಗಿಬಿಡುತ್ತದೆ. ಅದಕ್ಕೇ ಮೈಕು ಹಿಡಿದು ಎಲ್ಲ ಚಾನೆಲ್ಲಿಗೂ ಹೇಳಿದೆ, "ದಯವಿಟ್ಟು ಒಬ್ಬೊಬ್ಬರೇ ಮಾತಾಡಿ" ಎಂದು. ಒಬ್ಬರದು ಇನ್ನೊಬ್ಬರಿಗೆ ಕೇಳುವುದಿಲ್ಲ. ನಮ್ಮ ಕಡೆಯವರು ಹೇಳಿದ್ದಕ್ಕೆ ಹೂಂ ಅನ್ನದೆ ಇರುವುದುಂಟೇ? ಎಲ್ಲರೂ ಒಟ್ಟಿಗೇ "ಆಯ್ತು ಸಾ" ಅಂದರು. ಮೆಷಿನ್ ಢಮಾರ್! ಆ ಗುಂಪಿನಲ್ಲಿ ನೀನೂ ಇದ್ದೆ, ಗಂಡನಿಗೆ "ಸಾ" ಅಂದುಕೊಂಡು. ಫಾರೆಸ್ಟ್ ಗಾರ್ಡ್ ಮೂಗಯ್ಯ ಮಾರನೇ ದಿನ ಬಂದು, "ನಾ ಒಬ್ನೇ ಅಂದಿದ್ದು ಕಣ್ ಸಾ, ಮಿಕ್ಕೋರು ಯಾಕಂದ್ರೋ ಕಾಣೆ" ಅಂದ.

ನಮ್ಮ ಸ್ಟೇಷನ್ನಿನ ಸಾಹೇಬರಿಗೆ ನಗು ಬರಲಿಲ್ಲ. ದೊಡ್ಡ ಮೆಷಿನ್ ಕೇಳಿದ್ದಕ್ಕೆ, "ದೊಡ್ಡ ಮೆಷಿನ್ ಕೊಡಲ್ಲ. ಒಂದು ಚಾನೆಲ್ ತೆಗೀರಿ, ಆ ನರ್ಸಮ್ಮಂದು" ಅಂದರು. ರೇಡಿಯೋ ಹೋದರೆ ನಿನ್ನ ಕೇಂದ್ರ ಮುಚ್ಚಿ, ನಿನ್ನನ್ನು ಗುಂಡ್ಲುಪೇಟೆಗೆ ಹಾಕುತ್ತಾರಂತೆ. ಮದುವೆಯಾದಾಗಿನಿಂದ ನಾವು ಬೇಡಿಕೊಂಡಿದ್ದೇ ಇದು. ಎಷ್ಟು ಆಸೆಯಾಯಿತು ಗೊತ್ತಾ? ಒಂದು ವೈರು ಕಿತ್ತಿದ್ದರೆ ಸಾಕಿತ್ತು.

ಆದರೆ ಹೋದ ಮಳೆಗಾಲದಲ್ಲಿ ಮಂಚಮ್ಮನಿಗೆ ಹೆರಿಗೆಯಾಗಿ ರಕ್ತ ನಿಲ್ಲದೆ ನೀನು ಜೀಪು ಕೇಳಿದ ದನಿ ಕಿವಿ ಬಿಟ್ಟು ಹೋಗಿಲ್ಲ. "ಬೇಗ ಕಳ್ಸಿ ಸಾ, ಕೈ ಬುಟ್ಟೋಯ್ತಾಳೆ!" ಜೀಪು ಹೋಯಿತು, ಅವಳು ಬದುಕಿದಳು.

ಹಾಗಾಗಿ ಕಿತ್ತುಹಾಕಲು ಕೈ ಬರಲಿಲ್ಲ. ಕೂತು ಒಂದೊಂದು ಚಾನೆಲ್ಲಿನ ಅಲೆಯನ್ನೂ ಕೂದಲೆಳೆಯಷ್ಟು ಹಿಂದೆಮುಂದೆ ಸರಿಸಿದೆ, ತುದಿಗಳು ಒಂದೇ ಗಳಿಗೆಗೆ ಸೇರದ ಹಾಗೆ. ಯಾರ ಮಾತೂ ಕಮ್ಮಿಯಾಗಲಿಲ್ಲ. ಇವತ್ತು ಎಲ್ಲರೂ ಒಟ್ಟಿಗೇ ಅರಚಿದರೂ ಮೆಷಿನ್ ಮಿಸುಕಲಿಲ್ಲ. ಸಾಹೇಬರು ಬೆನ್ನು ತಟ್ಟಿದರು. ನಿನ್ನ ಚಾನೆಲ್ ಉಳಿಯಿತು, ವರ್ಗಾವಣೆ ಹೋಯಿತು. ನಿನ್ನನ್ನೊಂದು ಮಾತು ಕೇಳಲಿಲ್ಲ. ಕೇಳಿದ್ದರೆ ನೀನೂ "ಹೀಗೇ ಮಾಡು" ಅನ್ನುತ್ತಿದ್ದೆ, ಅದನ್ನು ನಿನ್ನ ಬಾಯಿಂದ ಕೇಳುವಷ್ಟು ಗಟ್ಟಿ ನಾನಲ್ಲ.

ನಿನ್ನ ಬಾಗಿಲಿಗೆ ಬಂದ ಬಸುರಿಯರೆಲ್ಲ ಮಗು ಎತ್ತಿಕೊಂಡು ಮನೆ ಸೇರಲಿ. ನೀನೂ ಎಂದಾದರೂ ಸೇರು.

ನಿನ್ನವನು,
ಶಂಕರ್